ಬಡ ಬಜೆಟ್ಟಿನ ಹಾರರ್ ಚಿತ್ರ ನೋಡುವಾಗ ಕಣ್ಣು, ಕಿವಿ ಎಲ್ಲಿಡಬೇಕು?

ಕತ್ತಲಕೋಣೆ:

ಕಡಿಮೆ ದುಡ್ಡಿನಲ್ಲಿ ತೆಗೆದ ಹಾರರ್, ಕಲ್ಟ್ (ನಿಷ್ಠಾವಂತ ಅಭಿಮಾನಿ ಬಳಗ ಇರುವ), ಎಕ್ಸ್‌ಪ್ಲಾಯ್ಟೇಶನ್ (ಭಯ, ಹಿಂಸೆ, ಬೆರಗನ್ನೇ ಸರಕಾಗಿಸಿ ಮಾರುವ) ಚಿತ್ರಗಳ ಮಾತು ಬಂದಾಗಲೆಲ್ಲ ಚರ್ಚೆ ಎರಡೇ ದಾರಿ ಹಿಡಿಯುತ್ತದೆ. ಒಂದೋ ‘ಎಷ್ಟು ಕೆಟ್ಟದಾಗಿದೆ ನೋಡಿ’ ಅಂತ ನಗುವುದು, ಇಲ್ಲವೇ ಅಪರೂಪದ್ದು ಅನ್ನುವ ಒಂದೇ ಕಾರಣಕ್ಕೆ ತಲೆಯ ಮೇಲೆ ಹೊತ್ತು ಮೆರೆಸುವುದು. ಎರಡರಲ್ಲೂ ಚಿತ್ರವನ್ನು ಯಾರೂ ನೋಡುತ್ತಿರುವುದಿಲ್ಲ.

ತಿಳಿದವರು ಇಲ್ಲಿದ್ದೀರಿ, ಹಾಗಾಗಿ ನೇರವಾಗಿ ಕೇಳುತ್ತೇನೆ. ಪರದೆಯ ಮೇಲೆ ಏನೋ ಎಡವಟ್ಟು ಕಾಣುತ್ತದೆ. ಅದು ದುಡ್ಡಿಲ್ಲದೆ ಆದದ್ದೋ, ತಲೆ ಓಡಿಸದೆ ಆದದ್ದೋ, ಅಥವಾ ನಮ್ಮ ಕೈಗೆ ಸಿಕ್ಕ ಪ್ರತಿಯಲ್ಲಿ ಮಾತ್ರ ಇರುವುದೋ? ಇದನ್ನು ಬೇರ್ಪಡಿಸಲು ಬಾರದಿದ್ದರೆ ನಮ್ಮ ಹೊಗಳಿಕೆಗೂ ಬೆಲೆಯಿಲ್ಲ, ತೆಗಳಿಕೆಗೂ ಬೆಲೆಯಿಲ್ಲ. ಕ್ಯಾಮೆರಾ, ಶಬ್ದ, ಮೇಕಪ್, ಪ್ರಿಂಟು, ಯಾವ ತುದಿಯಿಂದ ಹಿಡಿದರೂ ಸರಿ, ವಿವರವಾಗಿ ಬರೆಯಿರಿ.

ಹದಿನಾರು_ಎಂಎಂ:

ಕ್ಯಾಮೆರಾದೊಳಗೆ ಎಷ್ಟು ಫಿಲ್ಮು ಹಿಡಿಯುತ್ತಿತ್ತು ಅನ್ನುವುದರಿಂದ ಶುರು ಮಾಡಿ. ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಇದೆ.

16 ಎಂಎಂ ಅಗಲದ ಫಿಲ್ಮಿನ 100 ಅಡಿ ಸುರುಳಿ ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ಸುಮಾರು 2 ನಿಮಿಷ 45 ಸೆಕೆಂಡಿಗೆ ಮುಗಿಯುತ್ತದೆ. 400 ಅಡಿಯ ಮ್ಯಾಗಜೀನ್ (ಫಿಲ್ಮು ತುಂಬುವ ಡಬ್ಬಿ) ಹಾಕಿದರೆ 11 ನಿಮಿಷ. 35 ಎಂಎಂನಲ್ಲಿ ಅದೇ 400 ಅಡಿ ನಾಲ್ಕೂವರೆ ನಿಮಿಷವೂ ಬಾಳುವುದಿಲ್ಲ. 90 ನಿಮಿಷದ ಚಿತ್ರಕ್ಕೆ 16 ಎಂಎಂನಲ್ಲಿ ಬರೀ ಒಂದೊಂದೇ ಟೇಕ್ ತೆಗೆದರೂ 3,240 ಅಡಿ ಬೇಕು, ಮೂರು ಟೇಕ್ ಅಂದರೆ 9,720 ಅಡಿ. ಫಿಲ್ಮು ಕೊಳ್ಳಬೇಕು, ತೊಳೆಸಬೇಕು, ನೋಡಲು ಪ್ರಿಂಟು ಹಾಕಿಸಬೇಕು. ಪ್ರತಿ ಅಡಿಗೂ ಮೂರು ಸಲ ದುಡ್ಡು. ನಟ ಮಾತು ತಡವರಿಸಿದ ಟೇಕ್ ಚಿತ್ರದಲ್ಲಿ ಉಳಿದುಕೊಂಡಿದ್ದರೆ ಅದು ಈ ಲೆಕ್ಕದ ಫಲ.

ಇದರ ಕೊನೆಯ ತುದಿ ನೋಡಬೇಕೆಂದರೆ 1966ರ ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’ ಇದೆ. ಕೀಲಿ ಕೊಟ್ಟು ಓಡಿಸುವ 16 ಎಂಎಂ ಕ್ಯಾಮೆರಾ. ಒಂದು ಸಲ ಕೀಲಿ ಕೊಟ್ಟರೆ ಸುಮಾರು 32 ಸೆಕೆಂಡು. ಯಾವ ಶಾಟೂ ಅದಕ್ಕಿಂತ ಉದ್ದ ಇರಲು ಸಾಧ್ಯವೇ ಇರಲಿಲ್ಲ. ಅಲ್ಲಿಗೆ ಅದು ದುಡ್ಡಿನ ಮಿತಿ. ಆದರೆ 32 ಸೆಕೆಂಡಿನೊಳಗೆ ಕಣ್ಣು ಎಲ್ಲಿಗೆ ಹೋಗಬೇಕು ಅಂತ ಯೋಚಿಸದೆ ಮೂರು ಜನರನ್ನು ಸಾಲಾಗಿ ನಿಲ್ಲಿಸಿದ್ದು ದುಡ್ಡಿನ ಮಿತಿಯಲ್ಲ. ಕತ್ತಲಕೋಣೆಯವರು ಕೇಳಿದ ಗೆರೆ ಇಲ್ಲೇ ಬೀಳುತ್ತದೆ.

ಈಗ ಇದರ ಎದುರಿಗೆ 1981ರ ‘ದಿ ಈವಿಲ್ ಡೆಡ್’ ಇಡಿ. ಕಾಡಿನ ದುಷ್ಟಶಕ್ತಿ ನೆಲಮಟ್ಟದಲ್ಲಿ ನುಗ್ಗಿ ಬರುವ ಶಾಟುಗಳಿಗೆ ಟ್ರ್ಯಾಕೂ ಇರಲಿಲ್ಲ, ಟ್ರಾಲಿಯೂ ಇರಲಿಲ್ಲ. ಉದ್ದನೆಯ ಮರದ ಹಲಗೆಯ ನಡುವೆ ಕ್ಯಾಮೆರಾ ಬಿಗಿದು, ಎರಡು ತುದಿಯಲ್ಲಿ ಇಬ್ಬರು ಹಿಡಿದು ಓಡಿದರು. ಇದು ಕೆಲಸ ಮಾಡುವುದಕ್ಕೆ ಕಾರಣ ಇದೆ. ಇಬ್ಬರ ಹೆಜ್ಜೆ ಒಟ್ಟಿಗೆ ಬೀಳುವುದಿಲ್ಲ. ಒಬ್ಬನ ತುದಿ ಮೇಲೆದ್ದಾಗ ಇನ್ನೊಬ್ಬನದು ಕೆಳಗಿರುತ್ತದೆ, ನಡುವಿನ ಬಿಂದು ಅಷ್ಟಾಗಿ ಕುಲುಕುವುದಿಲ್ಲ. ಅಗಲ ಕೋನದ ಲೆನ್ಸ್ ಉಳಿದ ಕುಲುಕಾಟವನ್ನು ಮುಚ್ಚಿ, ನೆಲದ ಎಲೆಗಳು ಅಂಚಿನಲ್ಲಿ ರಭಸದಿಂದ ಹಿಂದೆ ಸರಿಯುವಂತೆ ಮಾಡಿ ವೇಗವನ್ನು ಹೆಚ್ಚಿಸಿ ತೋರಿಸುತ್ತದೆ. ಭೂತಕ್ಕೆ ವೇಷ ಹೊಲಿಸುವ ಖರ್ಚೂ ಉಳಿಯಿತು, ಏಕೆಂದರೆ ನೋಡುವ ಕಣ್ಣೇ ಭೂತ. ಒಂದು ಹಲಗೆಯಲ್ಲಿ ಇಷ್ಟು ಕೆಲಸ.

ಇನ್ನೊಂದು, ಫಿಲ್ಮಿನ ವೇಗ, ಅಂದರೆ ಅದು ಬೆಳಕನ್ನು ಎಷ್ಟು ಬೇಗ ಹಿಡಿಯುತ್ತದೆ ಅನ್ನುವುದು. 1974ರ ‘ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ ತೆಗೆದದ್ದು 16 ಎಂಎಂ ಎಕ್ಟಾಕ್ರೋಮ್ ರಿವರ್ಸಲ್ ಫಿಲ್ಮಿನಲ್ಲಿ (ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರ ಮೂಡುವ ಫಿಲ್ಮು), ಎಎಸ್ಎ ಅಳತೆಯಲ್ಲಿ ವೇಗ ಕೇವಲ 25. ಮನೆಯೊಳಗೆ ಚಿತ್ರ ಮೂಡಬೇಕಾದರೆ ಬೆಳಕು ಸುರಿಯಬೇಕು. ಬೇಸಿಗೆಯ ಟೆಕ್ಸಸ್, ಮುಚ್ಚಿದ ಕೋಣೆ, ಮೇಲೆ ಈ ಲೈಟುಗಳ ಕಾವು. ಮುಖದ ಮೇಲಿನ ಬೆವರಿಗೆ ಮೇಕಪ್ಪಿನವರು ಬೇಕಿರಲಿಲ್ಲ. ಆಮೇಲೆ ಅದನ್ನು 35 ಎಂಎಂಗೆ ಹಿಗ್ಗಿಸಿದರು. 16 ಎಂಎಂ ಚೌಕಟ್ಟು 35ರ ಕಾಲು ಭಾಗವೂ ಇಲ್ಲದ್ದರಿಂದ ಫಿಲ್ಮಿನ ಕಾಳು (ಚಿತ್ರ ಮೂಡಿಸುವ ಸಣ್ಣ ಚುಕ್ಕೆಗಳು) ಕಣ್ಣಿಗೆ ಹೊಡೆಯುತ್ತದೆ. ಸುದ್ದಿಚಿತ್ರಗಳೂ ಆಗ 16 ಎಂಎಂನಲ್ಲೇ ಬರುತ್ತಿದ್ದವು. ಹಾಗಾಗಿ ನೋಡುವವರಿಗೆ ಇದು ಕಟ್ಟಿದ ಕಥೆಯಂತೆ ಅಲ್ಲ, ಎಲ್ಲೋ ನಡೆದದ್ದನ್ನು ಯಾರೋ ಹಿಡಿದು ತಂದಂತೆ ಕಂಡಿತು.

ಶಬ್ದವೇಧಿ:

ಕಣ್ಣಿನ ಮಾತು ಹದಿನಾರು ಅವರು ಹೇಳಿಯಾಯಿತು. ಆದರೆ ಕಡಿಮೆ ಬಜೆಟ್ ಮೊದಲು ಸಿಕ್ಕಿಬೀಳುವುದು ಕಿವಿಗೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಇಬ್ಬರು ಮಾತಾಡುವ ಒಂದು ದೃಶ್ಯ ಕೇಳಿ. ಪ್ರತಿ ಕಟ್ಟಿಗೂ ಹಿಂದಿನ ‘ಸ್ಸ್’ ಸದ್ದು ಏರಿಳಿಯುತ್ತಿದ್ದರೆ ಸ್ಥಳದಲ್ಲೇ ಶಬ್ದ ಹಿಡಿದಿದ್ದಾರೆ, ಆದರೆ ಖಾಲಿ ಕೋಣೆಯ ಮೌನವನ್ನು ಬೇರೆಯಾಗಿ ಹಿಡಿದಿಟ್ಟುಕೊಂಡಿಲ್ಲ ಎಂದರ್ಥ. ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡು ರೆಕಾರ್ಡ್ ಮಾಡಿದ್ದರೆ ಆ ತೇಪೆ ಮುಚ್ಚುತ್ತಿತ್ತು. ಇದಕ್ಕೆ ದುಡ್ಡು ಬೇಡ. ಆದ್ದರಿಂದ ಇದನ್ನು ಅಜಾಗರೂಕತೆಯ ಖಾತೆಗೇ ಹಾಕುತ್ತೇನೆ.

ಬದಲಿಗೆ ಎಲ್ಲ ದನಿಗಳೂ ಒಂದೇ ದೂರದಿಂದ ಬರುತ್ತಿವೆ, ಹೆಜ್ಜೆ ಸಪ್ಪಳ ಅತಿ ಸ್ಪಷ್ಟವಾಗಿದೆ, ಬಟ್ಟೆಯ ಸರಸರ ಇಲ್ಲವೇ ಇಲ್ಲ ಅಂದರೆ ಪೂರ್ತಿ ಆಮೇಲೆ ಡಬ್ ಮಾಡಿದ್ದು. ಕ್ಯಾಮೆರಾದ ಗರಗರ ಸದ್ದು ಅಡಗಿಸುವ ಕವಚ ದುಬಾರಿ, ಹಾಗಾಗಿ ಎಷ್ಟೋ ಜನ ಮೂಕವಾಗಿ ಚಿತ್ರೀಕರಿಸಿದರು. 60, 70ರ ದಶಕದ ಇಟಲಿಯ ಹಾರರ್ ಚಿತ್ರಗಳಲ್ಲಂತೂ ಇದೇ ಪದ್ಧತಿ. ಒಂದೇ ದೃಶ್ಯದಲ್ಲಿ ಒಬ್ಬರು ಇಂಗ್ಲಿಷ್, ಇನ್ನೊಬ್ಬರು ಇಟಾಲಿಯನ್, ಮತ್ತೊಬ್ಬರು ಜರ್ಮನ್ ಮಾತಾಡುತ್ತಿದ್ದರು. ಆಮೇಲೆ ಇಟಾಲಿಯನ್ ಒಂದು, ಇಂಗ್ಲಿಷ್ ಒಂದು ಡಬ್ಬಿಂಗ್ ತಯಾರಾಗುತ್ತಿತ್ತು. ‘ಮೂಲ ಭಾಷೆ ಯಾವುದು’ ಅನ್ನುವ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ. ಮುಖ್ಯ ಪಾತ್ರದ ತುಟಿ ಯಾವ ಭಾಷೆಗೆ ಹೊಂದುತ್ತದೋ ಆ ಟ್ರ್ಯಾಕಿನಲ್ಲಿ ಒಮ್ಮೆ, ಇನ್ನೊಂದರಲ್ಲಿ ಒಮ್ಮೆ ನೋಡಿ. ತುಟಿ ಹೊಂದದ್ದನ್ನೇ ದೊಡ್ಡ ದೋಷವೆಂದು ಹಿಡಿದುಕೊಂಡರೆ ಒಂದು ಇಡೀ ದೇಶದ ಹಾರರ್ ಪರಂಪರೆಯನ್ನು ಕಳೆದುಕೊಳ್ಳುತ್ತೀರಿ.

ಮಿತಿಯೇ ಶೈಲಿಯಾದದ್ದು ಬೇಕೆಂದರೆ, ಹಾರರ್ ಅಲ್ಲದಿದ್ದರೂ, 1992ರ ‘ಎಲ್ ಮರಿಯಾಚಿ’. ಕ್ಯಾಮೆರಾ ಸದ್ದು ಮಾಡುತ್ತಿತ್ತು. ಶಾಟ್ ಮುಗಿದ ಕೂಡಲೇ ಅದೇ ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ನಟರಿಂದ ಅದೇ ಮಾತು ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಂಡರು. ಎಡಿಟಿಂಗಿನಲ್ಲಿ ತುಟಿಯೂ ಮಾತೂ ಜಾರಿದ ಕ್ಷಣಕ್ಕೆ ಬೇರೆ ಶಾಟಿಗೆ ಕಟ್. ಆ ಚಿತ್ರದ ಚುರುಕು ಓಟಕ್ಕೆ ಇದೂ ಒಂದು ಮೂಲ.

ಶಬ್ದದಿಂದಲೇ ಭಯ ಹುಟ್ಟಿಸಿದ್ದಕ್ಕೆ 1942ರ ‘ಕ್ಯಾಟ್ ಪೀಪಲ್’ಗೆ ಹೋಗಿ. ನಿರ್ಮಾಪಕ ವ್ಯಾಲ್ ಲೂಟನ್ ಕೈಯಲ್ಲಿ ಚಿಕ್ಕ ಬಜೆಟ್, ಬೇರೆ ಚಿತ್ರಕ್ಕೆ ಕಟ್ಟಿದ ಸೆಟ್ಟುಗಳು. ರಾತ್ರಿ ರಸ್ತೆಯಲ್ಲಿ ಹೆಂಗಸು ಒಬ್ಬಳೇ ನಡೆಯುತ್ತಾಳೆ. ಹಿಂದಿನ ಹೆಜ್ಜೆ ಸಪ್ಪಳ ನಿಂತುಹೋಗುತ್ತದೆ. ಅವಳ ನಡಿಗೆ ಬಿರುಸಾಗುತ್ತದೆ. ಚೌಕಟ್ಟಿನ ಹೊರಗಿಂದ ಬುಸ್ಸೆಂದು ಮೃಗದ ಉಸಿರಿನಂಥ ಸದ್ದು. ಬಂದು ನಿಂತದ್ದು ಬಸ್ಸು, ಕೇಳಿಸಿದ್ದು ಅದರ ಬ್ರೇಕು. ಹಿಂದೆ ಬರುತ್ತಿದೆ ಅಂದುಕೊಂಡ ಚಿರತೆಯನ್ನು ಆ ದೃಶ್ಯದಲ್ಲಿ ತೋರಿಸಿಯೇ ಇಲ್ಲ. ಈ ತಂತ್ರಕ್ಕೆ ಇವತ್ತಿಗೂ ‘ಲೂಟನ್ ಬಸ್’ ಅಂತಲೇ ಹೆಸರು. ಈಗಿನವರು ಬರೀ ಬುಸ್ಸನ್ನು ಎತ್ತಿಕೊಂಡಿದ್ದಾರೆ, ಅದರ ಮುಂಚಿನ ಹೆಜ್ಜೆ ನಿಲ್ಲುವ ಕ್ಷಣವನ್ನು ಬಿಟ್ಟುಬಿಟ್ಟಿದ್ದಾರೆ. ಕೆಲಸ ಮಾಡುವುದು ಅದೇ.

ಹೊಸಗಣ್ಣು:

ಒಂದು ಸಂದೇಹ. ಚೌಕಟ್ಟಿನ ಮೇಲಂಚಿನಲ್ಲಿ ಬೂಮ್ ಮೈಕ್ (ಕೋಲಿನ ತುದಿಗೆ ಕಟ್ಟಿದ ಮೈಕು) ಇಳಿದು ಬರುತ್ತದೆ, ‘ಈ ಕತ್ತಲಲ್ಲಿ ಏನೂ ಕಾಣ್ತಿಲ್ಲ’ ಅನ್ನುವ ಪಾತ್ರದ ಹಿಂದೆ ಹಗಲು ಬೆಳಗುತ್ತಿದೆ, ಮುಖಗಳೆಲ್ಲ ಮೇಣದ ಗೊಂಬೆ. ಇವೂ ಬಜೆಟ್ಟಿನ ದೋಷಗಳೇ?

ರೀಲುಗಾರ:

ಹೊಸಗಣ್ಣು ಅವರೇ, ನೀವು ಹೇಳಿದ ಮೂರೂ ಬಹುಮಟ್ಟಿಗೆ ಪ್ರತಿಯ ದೋಷಗಳು. ಒಂದೊಂದಾಗಿ ಹೇಳುತ್ತೇನೆ.

ಬೂಮ್ ಮೈಕ್. 35 ಎಂಎಂನಲ್ಲಿ ತೆಗೆದ ಬಹಳಷ್ಟು ಚಿತ್ರಗಳ ನೆಗೆಟಿವ್‌ನಲ್ಲಿ 1.37ರ (ಅಗಲ ಎತ್ತರದ 1.37 ಪಟ್ಟು) ಎತ್ತರನೆಯ ಚೌಕಟ್ಟು ಇರುತ್ತದೆ. ಥಿಯೇಟರಿನಲ್ಲಿ ಪ್ರೊಜೆಕ್ಟರಿನ ತಗಡು ಮೇಲೆ ಕೆಳಗೆ ಮುಚ್ಚಿ ಅದನ್ನು 1.85ಕ್ಕೆ ಇಳಿಸುತ್ತದೆ. ಲೆಕ್ಕ ಹಾಕಿದರೆ ಎತ್ತರದ ನೂರಕ್ಕೆ 26 ಭಾಗ ಪ್ರೇಕ್ಷಕರಿಗೆ ಕಾಣಲೇಬಾರದು. ಹಳೆಯ ಟಿವಿಗಾಗಿ ವಿಎಚ್ಎಸ್ ಮಾಡಿದವರು ಆ ಮುಚ್ಚಳ ತೆಗೆದುಬಿಟ್ಟರು. ಮೈಕು, ಲೈಟಿನ ಸ್ಟ್ಯಾಂಡು ಎಲ್ಲ ಹೊರಬಿದ್ದವು. ಪರೀಕ್ಷೆ ಸುಲಭ: ತಲೆಯ ಮೇಲೆ ಬೇಡದಷ್ಟು ಖಾಲಿ ಜಾಗ ಇದ್ದು ಮೈಕ್ ಕಂಡರೆ ಅದು ಮುಚ್ಚಬೇಕಾದ ಪ್ರತಿ. ಆದರೆ ಎಲ್ಲವನ್ನೂ ಮುಚ್ಚಬಾರದು. ‘ಈವಿಲ್ ಡೆಡ್’ನ 16 ಎಂಎಂ ಚೌಕಟ್ಟನ್ನು ಅಗಲ ಪರದೆಗೆ ಕತ್ತರಿಸಿದ ಪ್ರತಿಗಳೂ ಇವೆ, ಪೂರ್ತಿ 1.33ರವೂ ಇವೆ. ಹಣೆ, ಗಲ್ಲ ಕತ್ತರಿಸಿಹೋಗುತ್ತಿದ್ದರೆ ಪೂರ್ತಿ ಚೌಕಟ್ಟಿನದ್ದನ್ನೇ ಹುಡುಕಿ.

ಹಗಲಿನಂಥ ರಾತ್ರಿ. ಕಾಡಿಗೆಲ್ಲ ಲೈಟು ಹಾಕುವ ಜನರೇಟರ್ ದುಬಾರಿ. ಹಗಲಲ್ಲೇ ಎರಡು ಸ್ಟಾಪಿನಷ್ಟು ಕಡಿಮೆ ಎಕ್ಸ್‌ಪೋಶರ್ ಕೊಟ್ಟು (ಅಂದರೆ ಕಾಲು ಭಾಗ ಬೆಳಕು ಮಾತ್ರ ಬಿಟ್ಟು), ಬಲ್ಬಿನ ಬೆಳಕಿಗಾಗಿ ಮಾಡಿದ ಟಂಗ್‌ಸ್ಟನ್ ಫಿಲ್ಮಿಗೆ ಹಗಲಲ್ಲಿ ಹಾಕಬೇಕಾದ ಕಿತ್ತಳೆ ಫಿಲ್ಟರ್ ತೆಗೆದು ನೀಲಿ ಬರಿಸಿ, ಆಕಾಶವನ್ನು ಚೌಕಟ್ಟಿನಿಂದ ಆಚೆ ಇಟ್ಟು, ಪ್ರಿಂಟು ಹಾಕುವಾಗ ಇನ್ನಷ್ಟು ಗಾಢ ಮಾಡುವುದು ವಾಡಿಕೆ. ವಿಡಿಯೋಗೆ ಇಳಿಸುವ ಆಪರೇಟರ್ ‘ಏನೋ ಕತ್ತಲಾಗಿದೆಯಲ್ಲ’ ಅಂತ ಬೆಳಕು ಏರಿಸಿದರೆ ಇಡೀ ರಾತ್ರಿ ಮಧ್ಯಾಹ್ನವಾಗುತ್ತದೆ. ಮಂಜು ಕವಿದ ನೀಲಿ ಛಾಯೆ, ನೆಲದ ಮೇಲೆ ಒಂದೇ ದಿಕ್ಕಿನ ಚೂಪಾದ ನೆರಳು, ಕೈಯಲ್ಲಿ ಉರಿಯುತ್ತಿದ್ದರೂ ಯಾವುದನ್ನೂ ಬೆಳಗದ ಲಾಟೀನು, ಈ ಮೂರು ಒಟ್ಟಿಗೆ ಕಂಡರೆ ಹೀಗೇ ಆಗಿದೆ. ಬೇರೆ ಪ್ರತಿ ಸಿಗದಿದ್ದರೆ ಆ ದೃಶ್ಯದಷ್ಟಕ್ಕೆ ಟಿವಿಯ ಬ್ರೈಟ್‌ನೆಸ್ ಇಳಿಸಿ ನೋಡಿ, ಚಿತ್ರಕ್ಕೆ ಉಸಿರು ಬರುತ್ತದೆ.

ಮೇಣದ ಮುಖ. ಫಿಲ್ಮಿನ ಕಾಳನ್ನು ಕೊಳೆ ಅಂದುಕೊಂಡು ಸಾಫ್ಟ್‌ವೇರಿನಿಂದ ಒರೆಸಿದ್ದಾರೆ. ಗೋಡೆಯಂಥ ಬಯಲು ಜಾಗ ನೋಡಿ: ಕಾಳು ಸದಾ ಕುದಿಯುತ್ತಿರಬೇಕು. ಹೆಪ್ಪುಗಟ್ಟಿದಂತೆ ನಿಂತಿದ್ದರೆ, ಮುಖ ತಿರುಗಿದಾಗ ಚರ್ಮ ಬಳಿದಂತೆ ಎಳೆದರೆ ಒರೆಸಿದ್ದು ಖಚಿತ. ತಪ್ಪು ನಿಮ್ಮ ಟಿವಿಯದ್ದೂ ಇರಬಹುದು. ನಾಯ್ಸ್ ರಿಡಕ್ಷನ್, ಮೋಶನ್ ಸ್ಮೂದಿಂಗ್ ಎರಡನ್ನೂ ಆಫ್ ಮಾಡಿ, ಶಾರ್ಪ್‌ನೆಸ್ ತೀರಾ ಇಳಿಸಿ, ಆಮೇಲೆ ತೀರ್ಮಾನಿಸಿ.

ಇನ್ನು ಬಣ್ಣ. 50ರ ದಶಕದಿಂದ 80ರ ಮೊದಲ ವರ್ಷಗಳವರೆಗಿನ ಈಸ್ಟ್‌ಮನ್‌ಕಲರ್ ಪ್ರಿಂಟುಗಳಲ್ಲಿ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಮೊದಲು ಸಾಯುತ್ತದೆ, ಉಳಿಯುವುದು ಗುಲಾಬಿ. ನೆಗೆಟಿವ್ ಕಳೆದುಹೋಗಿ ಅಂಥ ಪ್ರಿಂಟೊಂದೇ ಉಳಿದಿದ್ದರೆ ಎಷ್ಟು ತಿದ್ದಿದರೂ ಹಸಿರು ಪೂರ್ತಿ ಮರಳುವುದಿಲ್ಲ. ಬಣ್ಣದ ಮಾತು ಒತ್ತಟ್ಟಿಗಿರಲಿ, ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮಿಗೆ ಸೆಕೆ, ತೇವ ತಾಗಿದರೆ ಆಮ್ಲ ಬಿಡುತ್ತ ಹುಳಿ ವಾಸನೆ ಹೊಡೆಯುತ್ತದೆ, ಕುಗ್ಗುತ್ತದೆ, ಸೊಟ್ಟಗಾಗುತ್ತದೆ. ಪಕ್ಕದ ಡಬ್ಬಿಗಳಿಗೂ ಹರಡುತ್ತದೆ. ಈ ಬಗೆಯ ಚಿತ್ರಗಳನ್ನು ದೊಡ್ಡ ಸ್ಟುಡಿಯೋಗಳ ತಣ್ಣನೆ ಕೋಣೆಯಲ್ಲಿ ಯಾರೂ ಇಡಲಿಲ್ಲ. ಹಾಗಾಗಿ ಒಂದೊಂದು ಡಬ್ಬಿ ಉಳಿದದ್ದೂ ಪುಣ್ಯ.

‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಕಥೆ ಇನ್ನೂ ಬೇರೆ. 1968ರಲ್ಲಿ ಬಿಡುಗಡೆಗೆ ಮುಂಚೆ ಹೆಸರು ಬದಲಾಯಿಸಿದರು. ಹಳೆಯ ಹೆಸರಿನ ಫಲಕದಲ್ಲೇ ಕಾಪಿರೈಟ್ ಸೂಚನೆ ಇತ್ತು, ಹೊಸ ಫಲಕ ಹಾಕಿದವರು ಅದನ್ನು ಬಿಟ್ಟರು. ಅಮೆರಿಕದ ಆಗಿನ ಕಾನೂನಿನಲ್ಲಿ ಸೂಚನೆ ಇಲ್ಲದಿದ್ದರೆ ಹಕ್ಕೂ ಇಲ್ಲ. ಯಾರು ಬೇಕಾದರೂ ಪ್ರತಿ ತೆಗೆದರು, ಪ್ರತಿಯ ಪ್ರತಿ ತೆಗೆದರು, ಮಸಿ ಬಳಿದಂಥ ಚಿತ್ರವನ್ನೇ ಜನ ದಶಕಗಳ ಕಾಲ ನೋಡಿದರು. 2016ರಲ್ಲಿ ಮೂಲ ನೆಗೆಟಿವ್‌ನಿಂದ 4ಕೆ ಪುನರುಜ್ಜೀವನ ಆಯಿತು. ಅದನ್ನು ನೋಡದೆ ಆ ಚಿತ್ರದ ಛಾಯಾಗ್ರಹಣವನ್ನು ಕಳಪೆ ಅನ್ನಬೇಡಿ.

ಬಣ್ಣದಪೆಟ್ಟಿಗೆ:

ಮೇಕಪ್ಪಿನ ಕಡೆಯಿಂದ. ಕಪ್ಪುಬಿಳುಪಿನಲ್ಲಿ ರಕ್ತಕ್ಕೆ ಕೆಂಪು ಬೇಡ. ಗಾಢತೆ ಬೇಕು, ಮಂದವಾಗಿ ಹರಿಯಬೇಕು, ಮೇಲೆ ಹೊಳಪು ಬೇಕು. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲಿ ಚಾಕಲೇಟ್ ಸಿರಪ್ ಬಳಸಿದ್ದು ಅದಕ್ಕೇ.

ಬಣ್ಣದ ಚಿತ್ರಕ್ಕೆ ಕಷ್ಟ ಹೆಚ್ಚು. ಒಂದು ಕಪ್ ಕಾರ್ನ್ ಸಿರಪ್, ಎರಡು ಚಮಚ ನೀರು, ಒಂದು ದೊಡ್ಡ ಚಮಚ ದ್ರವರೂಪದ ಕೆಂಪು ಫುಡ್ ಕಲರ್, ಎರಡು ಮೂರು ಹನಿ ನೀಲಿ, ಒಂದು ಚಿಕ್ಕ ಚಮಚ ಕೋಕೋ ಪುಡಿ. ಪುಡಿಯನ್ನು ಮೊದಲು ನೀರಲ್ಲಿ ಕಲಸಿಕೊಳ್ಳಬೇಕು, ನೇರ ಸಿರಪ್ಪಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಕೋಕೋ ಯಾಕೆಂದರೆ ಬರೀ ಬಣ್ಣದ ಸಿರಪ್ ಪಾರದರ್ಶಕ, ಚರ್ಮದ ಮೇಲೆ ಜಾಮ್ ಸುರಿದಂತೆ ಕಾಣುತ್ತದೆ. ನೀಲಿ ಹಾಕದಿದ್ದರೆ ಬಿಳಿ ಲೈಟಿನಲ್ಲಿ ಗುಲಾಬಿಗೆ ತಿರುಗುತ್ತದೆ. ಹೆಚ್ಚು ಹಾಕಿದರೆ ನೇರಳೆ. ಚಿತ್ರೀಕರಣದ ಲೈಟಿನಲ್ಲೇ, ಬಿಳಿ ಬಟ್ಟೆಯ ಮೇಲೂ ಚರ್ಮದ ಮೇಲೂ ಪರೀಕ್ಷಿಸಬೇಕು. ಕಣ್ಣಿಗೆ ತಾಗಿಸಬಾರದು. ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಪ್ರಸಿದ್ಧ ಪಾಕದಲ್ಲಿ ಅಪಾರದರ್ಶಕತೆಗೆ ಜಿಂಕ್ ಆಕ್ಸೈಡ್, ಬಟ್ಟೆಯಲ್ಲಿ ಸಲೀಸಾಗಿ ಹರಡಲು ಕೊಡಾಕ್ ಫೋಟೋ-ಫ್ಲೋ (ಫಿಲ್ಮು ತೊಳೆಯುವಾಗ ಬಳಸುವ ದ್ರವ) ಇತ್ತು. ಫೋಟೋ-ಫ್ಲೋ ವಿಷ, ಬಾಯಿಯ ಹತ್ತಿರ ಬರುವ ರಕ್ತಕ್ಕೆ ಸಲ್ಲದು.

ಇದೆಲ್ಲ ಗೊತ್ತಿದ್ದರೆ ನೋಡುವಾಗ ತೀರ್ಪು ಮಾಗುತ್ತದೆ. 1978ರ ‘ಡಾನ್ ಆಫ್ ದಿ ಡೆಡ್’ನ ರಕ್ತ ಕಣ್ಣು ಕೋರೈಸುವಷ್ಟು ಕೆಂಪು. ಮೇಕಪ್ ಮಾಡಿದ ಟಾಮ್ ಸವಿನಿಗೆ ಅದು ಹಿಡಿಸಲಿಲ್ಲ. ನಿರ್ದೇಶಕ ರೊಮೆರೊಗೆ ಕಾಮಿಕ್ಸ್ ಪುಸ್ತಕದ ಬಣ್ಣದಂತೆ ಚಿತ್ರಕ್ಕೆ ಹೊಂದುತ್ತದೆ ಅನ್ನಿಸಿತು. ಆ ಶಾಪಿಂಗ್ ಮಾಲಿನ ಥಳಕಿನ ನಡುವೆ ನೋಡಿದರೆ ರೊಮೆರೊ ಮಾತೇ ಸರಿ ಅನ್ನುತ್ತೇನೆ.

ಕಡಿಮೆ ಖರ್ಚಿನ ಜಾಣತನ ಎಂದರೆ ನನ್ನ ಮಟ್ಟಿಗೆ 1957ರ ‘ಐ ವಂಪೀರಿ’. ಕ್ಯಾಮೆರಾ ಹಿಂದಿದ್ದವರು ಮಾರಿಯೋ ಬಾವಾ. ಹೆಂಗಸಿನ ಮುಖ ಒಂದೇ ಶಾಟಿನಲ್ಲಿ, ಕಟ್ ಇಲ್ಲದೆ, ಮುದಿಯಾಗುತ್ತದೆ. ಸುಕ್ಕುಗಳನ್ನು ಕೆಂಪು ಬಣ್ಣದಲ್ಲಿ ಬರೆದು ಮುಖದ ಮೇಲೆ ಕೆಂಪು ಬೆಳಕು ಬಿಟ್ಟರೆ ಕೆಂಪು ಗೆರೆಯೂ ಚರ್ಮವೂ ಒಂದೇ ಸಮ ಬೆಳಕು ತಿರುಗಿಸುತ್ತವೆ, ಕಪ್ಪುಬಿಳುಪು ಫಿಲ್ಮಿಗೆ ಗೆರೆ ಕಾಣುವುದೇ ಇಲ್ಲ. ಬೆಳಕನ್ನು ನಿಧಾನಕ್ಕೆ ಹಸಿರಿಗೆ ಹೊರಳಿಸಿದರೆ ಕೆಂಪು ಗೆರೆ ಹಸಿರನ್ನು ಹೀರಿಕೊಂಡು ಕಪ್ಪಾಗಿ ಮೇಲೇಳುತ್ತದೆ. ಸ್ಥಳದಲ್ಲಿದ್ದವರಿಗೆ ಬೆಳಕು ಬದಲಾದದ್ದು ಕಾಣುತ್ತದೆ, ಫಿಲ್ಮಿಗೆ ಮುಖ ಬದಲಾದದ್ದು ಮಾತ್ರ. ಬಾವಾ ಕಂಡುಹಿಡಿದದ್ದಲ್ಲ, 1931ರ ‘ಡಾಕ್ಟರ್ ಜೆಕಿಲ್ ಆಂಡ್ ಮಿಸ್ಟರ್ ಹೈಡ್’ನಲ್ಲೇ ಈ ತಂತ್ರ ಇದೆ. ಬಣ್ಣದ ಫಿಲ್ಮು ಬಂದ ಮೇಲೆ ಇದು ಸತ್ತಿತು.

ಮತ್ತೆ ‘ಚೈನ್ ಸಾ’ ರಕ್ತಮಯ ಅನ್ನುವವರು ಕೊಕ್ಕೆಯ ದೃಶ್ಯವನ್ನು ಫ್ರೇಮ್ ಫ್ರೇಮಾಗಿ ನಡೆಸಿ ನೋಡಿ. ಕೊಲೆಗಾರ ಹುಡುಗಿಯನ್ನು ಎತ್ತುತ್ತಾನೆ, ಕೊಕ್ಕೆಗೆ ತಗುಲಿಸುತ್ತಾನೆ, ಕೊಕ್ಕೆ ಮೈಗೆ ಇಳಿಯುವುದು ಒಂದು ಫ್ರೇಮಿನಲ್ಲೂ ಇಲ್ಲ. ಕೆಳಗೆ ಒಂದು ತೊಟ್ಟಿ ಇಟ್ಟಿದ್ದಾರೆ ಅಷ್ಟೆ. ತೊಟ್ಟಿ ಇದೆ ಅಂದಮೇಲೆ ಏನೋ ಸುರಿಯಬೇಕು ಅಂತ ಮನಸ್ಸೇ ಸುರಿಸಿಕೊಳ್ಳುತ್ತದೆ.

ನಡುರಾತ್ರಿ:

ಇಲ್ಲಿಯವರೆಗೆ ಎಲ್ಲರೂ ಚಿತ್ರ ತೆಗೆದವರ ಕಷ್ಟವನ್ನೇ ಹೇಳಿದ್ದೀರಿ. ಮಾರಿದವರನ್ನು ಬಿಟ್ಟರೆ ಎಕ್ಸ್‌ಪ್ಲಾಯ್ಟೇಶನ್ ಅರ್ಥವಾಗುವುದಿಲ್ಲ. 1954ರಲ್ಲಿ ಶುರುವಾಗಿ ಅಮೆರಿಕನ್ ಇಂಟರ್‌ನ್ಯಾಶನಲ್ ಪಿಕ್ಚರ್ಸ್ ಆದ ಕಂಪನಿಯಲ್ಲಿ ಎಷ್ಟೋ ಸಲ ಮೊದಲು ಹೆಸರು ಹುಟ್ಟುತ್ತಿತ್ತು, ಆಮೇಲೆ ಪೋಸ್ಟರ್, ಅದನ್ನು ಥಿಯೇಟರಿನವರು ಒಪ್ಪಿದರೆ ಕಥೆ. ಹೀಗಿರುವಾಗ ಪೋಸ್ಟರಿನಲ್ಲಿದ್ದ ರಾಕ್ಷಸ ಚಿತ್ರದಲ್ಲಿ ಇಲ್ಲ ಅಂತ ನಿರ್ದೇಶಕನನ್ನು ದೂರಿ ಫಲವಿಲ್ಲ.

ಅವಧಿಯೂ ಹಾಗೇ. ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಜೋಡಿ ಪ್ರದರ್ಶನಕ್ಕೆ 65, 70 ನಿಮಿಷ ಸಾಕಿತ್ತು, ಟಿವಿಗೆ ಮಾರುವಾಗ ಸಾಲದಾಯಿತು. ರೋಜರ್ ಕೋರ್ಮನ್‌ರ 1959ರ ‘ದಿ ವಾಸ್ಪ್ ವುಮನ್’ಗೆ ಆಮೇಲೆ ಬೇರೆಯವರಿಂದ ಹೊಸ ಆರಂಭವನ್ನೇ ತೆಗೆಸಿ ಅಂಟಿಸಿದರು. ‘ಮೊದಲ ಹತ್ತು ನಿಮಿಷ ಎಳೆದಿದ್ದಾರೆ’ ಅಂತ ಬರೆಯುವ ಮೊದಲು ಅದು ಎಳೆದದ್ದೋ, ಸೇರಿಸಿದ್ದೋ ನೋಡಬೇಕು. ಅದೇ ಕೋರ್ಮನ್ 1960ರಲ್ಲಿ ‘ದಿ ಲಿಟಲ್ ಶಾಪ್ ಆಫ್ ಹಾರರ್ಸ್’ನ ಮುಖ್ಯ ಭಾಗವನ್ನು ಬೇರೆ ಚಿತ್ರದ ಉಳಿದ ಸೆಟ್ಟಿನಲ್ಲಿ ಎರಡೇ ದಿನದಲ್ಲಿ ಮುಗಿಸಿದರು. ವೇಗವೇ ಆ ಚಿತ್ರದ ಹಾಸ್ಯಕ್ಕೆ ಲಯ ಕೊಟ್ಟಿದೆ.

ವಿಲಿಯಂ ಕ್ಯಾಸಲ್ 1958ರ ‘ಮಕಾಬ್ರ್’ ನೋಡಲು ಬಂದವರಿಗೆ ಭಯದಿಂದ ಸತ್ತರೆ 1,000 ಡಾಲರ್ ಅಂತ ವಿಮೆ ಮಾಡಿಸಿದರು. 1959ರ ‘ದಿ ಟಿಂಗ್ಲರ್’ಗೆ ಕೆಲವು ಸೀಟುಗಳ ಕೆಳಗೆ ನಡುಗಿಸುವ ಮೋಟಾರು ಕೂರಿಸಿದರು. ಅಲ್ಲಿ ಒಂದು ಹಂತದಲ್ಲಿ ಪರದೆ ಕತ್ತಲಾಗುತ್ತದೆ, ಪ್ರಾಣಿ ಥಿಯೇಟರಿನೊಳಗೇ ತಪ್ಪಿಸಿಕೊಂಡಿದೆ, ಕಿರುಚಿ ಅನ್ನುವ ದನಿ ಬರುತ್ತದೆ. ಮನೆಯಲ್ಲಿ ಒಬ್ಬರೇ ಕೂತು ನೋಡಿದರೆ ಅದು ಪೆದ್ದು ಅನ್ನಿಸಬಹುದು. ಆ ದೃಶ್ಯ ಬರೆದದ್ದೇ ಮೋಟಾರು ಮತ್ತು ನೂರಾರು ಜನರ ಕಿರುಚಾಟ ಇದೆ ಅಂದುಕೊಂಡು.

ಈ ಕಾರಣಕ್ಕೇ ನಗುವವರನ್ನು ನಾನು ಪೂರ್ತಿ ಬಯ್ಯಲಾರೆ. 1970ರ ಕೊನೆಗೆ ನ್ಯೂಯಾರ್ಕಿನ ಎಲ್ಜಿನ್ ಥಿಯೇಟರಿನಲ್ಲಿ ‘ಎಲ್ ಟೋಪೋ’ದಿಂದ ಮಧ್ಯರಾತ್ರಿ ಪ್ರದರ್ಶನಗಳ ಅಲೆ ಎದ್ದಿತು. 1976ರಿಂದ ಅದೇ ಊರಿನ ವೇವರ್ಲಿ ಥಿಯೇಟರಿನಲ್ಲಿ ‘ರಾಕಿ ಹಾರರ್’ ನೋಡುವವರು ಪರದೆಗೇ ಉತ್ತರ ಕೊಡತೊಡಗಿದರು. ಕಲ್ಟ್ ಅನ್ನುವುದು ಚಿತ್ರದ ಗುಣವಷ್ಟೇ ಅಲ್ಲ, ಮತ್ತೆ ಮತ್ತೆ ಬಂದು ಕೂತವರ ಗುಣವೂ ಹೌದು.

ಹದಿನಾರು_ಎಂಎಂ:

ನಡುರಾತ್ರಿ ಅವರೇ, ಒಪ್ಪಿದೆ, ಒಂದು ತಕರಾರಿನೊಂದಿಗೆ. ಚಿತ್ರದ ಜೊತೆ ಕೂಗುವುದು ಬೇರೆ, ಅದರ ಮೇಲೆ ಕೂಗುವುದು ಬೇರೆ. ‘ರಾಕಿ ಹಾರರ್’ ಮಂದಿಗೆ ಪ್ರತಿ ಶಾಟೂ ಬಾಯಿಪಾಠ. ಗೇಲಿ ಮಾಡುವವರಿಗೆ ಮುಂದಿನ ಶಾಟ್ ಯಾವುದೆಂದೇ ಗೊತ್ತಿರುವುದಿಲ್ಲ, ಗೇಲಿಯ ಸಾಲು ಮಾತ್ರ ಸಿದ್ಧವಿರುತ್ತದೆ. ‘ಮ್ಯಾನೋಸ್’ 1993ರ ಒಂದು ಗೇಲಿ ಕಾರ್ಯಕ್ರಮದಿಂದಲೇ ಹೆಸರಾಯಿತು ನಿಜ. ಆದರೆ 2011ರಲ್ಲಿ ಅದರ 16 ಎಂಎಂ ವರ್ಕ್‌ಪ್ರಿಂಟ್ (ಎಡಿಟಿಂಗಿಗೆ ಬಳಸುವ ಪ್ರಿಂಟು) ಸಿಕ್ಕಿ ಶುದ್ಧ ಮಾಡಿದ ಮೇಲೆ, ಕಪ್ಪು ನಿಲುವಂಗಿಯ ಒಳಗಿನ ಕೆಂಪು, ರಾತ್ರಿಯ ಬೆಂಕಿ ಎಲ್ಲ ಮೊದಲ ಸಲ ಸರಿಯಾಗಿ ಕಂಡವು. ಚಿತ್ರ ಒಳ್ಳೆಯದಾಗಲಿಲ್ಲ, ನೋಡಬಲ್ಲದ್ದಾಯಿತು. ಅದೂ ಬೇಕಿತ್ತು.

ನೇರನೋಟ:

ಮಿತಿಯನ್ನು ಮೆಚ್ಚುವ ಉತ್ಸಾಹದಲ್ಲಿ ಒಂದು ಮಾತು ಮರೆಯಬಾರದು. ಬಜೆಟ್ ಇಲ್ಲ ಅಂದಾಗ ಬೆಲೆ ತೆತ್ತವರು ಬಹಳ ಸಲ ನಟರು, ಕೆಲವೊಮ್ಮೆ ಮೂಕಪ್ರಾಣಿಗಳು.

1980ರ ‘ಕ್ಯಾನಿಬಲ್ ಹಾಲೋಕಾಸ್ಟ್’ನಲ್ಲಿ ಮನುಷ್ಯರ ಸಾವು ನಟನೆ, ಇಟಲಿಯ ನ್ಯಾಯಾಲಯದ ಮುಂದೆ ನಿರ್ದೇಶಕ ದಿಯೊಡಾಟೊ ತನ್ನ ನಟರು ಬದುಕಿದ್ದಾರೆ ಎಂದು ತೋರಿಸಬೇಕಾಯಿತು. ಪ್ರಾಣಿಗಳ ಸಾವು ನಿಜ. ಆಮೆಯನ್ನು ಕ್ಯಾಮೆರಾ ಮುಂದೆ ಕೊಂದಿದ್ದಾರೆ. ಸಿಕ್ಕ ಫಿಲ್ಮ್ ಡಬ್ಬಿಗಳ ಮೂಲಕ ಕಥೆ ಹೇಳುವ ಅದರ ಕಟ್ಟೋಣ ಮುಂದಿನ ಎಷ್ಟೋ ಚಿತ್ರಗಳಿಗೆ ದಾರಿಯಾಯಿತು, ಅದನ್ನು ಗೌರವದಿಂದಲೇ ಅಭ್ಯಾಸ ಮಾಡಬಹುದು. ಆದರೆ ಆ ಕಟ್ಟೋಣಕ್ಕೆ ಆಮೆಯ ಸಾವು ಬೇಕಿರಲಿಲ್ಲ. ಕೆಲವು ಡಿಸ್ಕ್‌ಗಳಲ್ಲಿ ಪ್ರಾಣಿಹಿಂಸೆ ಇಲ್ಲದ ಆವೃತ್ತಿ ಆರಿಸಿಕೊಳ್ಳಲು ಬರುತ್ತದೆ, ಅದನ್ನೇ ಹಾಕಿ.

‘ಚೈನ್ ಸಾ’ದ ಊಟದ ದೃಶ್ಯವೂ ಹಾಗೆ. ಒಂದು ದಿನಕ್ಕೂ ಮೀರಿ ಒಂದೇ ಸಮನೆ ಚಿತ್ರೀಕರಣ, ಸೆಕೆಗೆ ಕೊಳೆತ ಮಾಂಸ, ರಕ್ತದ ನಳಿಕೆ ಕೈಕೊಟ್ಟಾಗ ನಟಿ ಮೆರಿಲಿನ್ ಬರ್ನ್ಸ್ ಬೆರಳನ್ನು ನಿಜವಾಗಿಯೇ ಕೊಯ್ದದ್ದು. ಇದನ್ನು ಸಾಹಸದ ಕಥೆಯಂತೆ ಹೇಳುವುದು ನಿಲ್ಲಬೇಕು. ಅದೇ ಚಿತ್ರದ ತೊಟ್ಟಿಯ ಶಾಟ್ ಯಾರಿಗೂ ಗಾಯ ಮಾಡದೆ ಅದಕ್ಕಿಂತ ಹೆಚ್ಚು ಹೆದರಿಸುತ್ತದಲ್ಲ.

ಜೊತೆಗೆ ಈ ಮಾರುಕಟ್ಟೆ ಒಳ್ಳೆಯದನ್ನು ಹೇಗೆ ನುಂಗಿತು ಅನ್ನುವುದಕ್ಕೆ 1973ರ ‘ಗಾಂಜಾ ಆಂಡ್ ಹೆಸ್’. ದುಡ್ಡು ಹಾಕಿದವರಿಗೆ ಬೇಕಿದ್ದದ್ದು ಕಪ್ಪು ಪ್ರೇಕ್ಷಕರಿಗೊಂದು ರಕ್ತಪಿಶಾಚಿ ಚಿತ್ರ, ಬಿಲ್ ಗನ್ ಕೊಟ್ಟದ್ದು ವ್ಯಸನ ಮತ್ತು ನಂಬಿಕೆಯ ಮೇಲೊಂದು ಕಾವ್ಯ. ಅವರು ಅದನ್ನು ಕತ್ತರಿಸಿ, ಹೆಸರು ಬದಲಾಯಿಸಿ ಬಿಟ್ಟರು. ಗನ್ ಅವರ ಆವೃತ್ತಿ ಉಳಿದು ಮರಳಿ ಬಂದಿದೆ. ನೋಡುವುದಾದರೆ ಸುಮಾರು 110 ನಿಮಿಷದ್ದನ್ನೇ ನೋಡಿ.

ಕತ್ತಲಕೋಣೆ:

ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಹೊಸಬರು ಯಾವ ಕ್ರಮದಲ್ಲಿ, ಹೇಗೆ ನೋಡಬೇಕು ಅನ್ನುವುದನ್ನೂ ಯಾರಾದರೂ ಹೇಳಿಬಿಡಿ.

ಶಬ್ದವೇಧಿ:

ಮೊದಲ ಸಲ ನಿಲ್ಲಿಸದೆ, ಫೋನ್ ಪಕ್ಕಕ್ಕಿಟ್ಟು, ಕತ್ತಲಲ್ಲಿ. ಎರಡನೆಯ ಸಲ ನಡುವಿನ ಹತ್ತು ನಿಮಿಷ ಮಾತ್ರ, ಶಬ್ದ ಮುಚ್ಚಿ. ಮತ್ತೆ ಅದೇ ಹತ್ತು ನಿಮಿಷ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಚಿತ್ರ ಕಣ್ಣಿನಿಂದ ನಡೆಯುತ್ತಿದೆಯೋ ಕಿವಿಯಿಂದಲೋ ಗೊತ್ತಾಗಿಬಿಡುತ್ತದೆ.

ಕ್ರಮ ಅಂದರೆ, ‘ಕ್ಯಾಟ್ ಪೀಪಲ್’ ಆದಮೇಲೆ 1962ರ ‘ಕಾರ್ನಿವಲ್ ಆಫ್ ಸೋಲ್ಸ್’ ಇಡುತ್ತೇನೆ. ನಿರ್ದೇಶಕ ಹರ್ಕ್ ಹಾರ್ವಿ ಕನ್ಸಾಸಿನ ಲಾರೆನ್ಸ್‌ನಲ್ಲಿ ಶೈಕ್ಷಣಿಕ, ಕೈಗಾರಿಕಾ ಚಿತ್ರಗಳನ್ನು ತೆಗೆಯುತ್ತಿದ್ದವರು. ಆ ಚಪ್ಪಟೆ, ಅಚ್ಚುಕಟ್ಟಾದ ಚೌಕಟ್ಟುಗಳನ್ನೇ ಇಲ್ಲಿಗೂ ತಂದರು, ಹಾಗಾಗಿ ಅಂಗಡಿ, ಬಾಡಿಗೆ ಕೋಣೆಗಳೆಲ್ಲ ಜೀವವಿಲ್ಲದ ಪಾಠದ ಚಿತ್ರದಂತೆ ಕಾಣುತ್ತವೆ. ಜೀವ ಇಲ್ಲದವಳ ಕಥೆಗೆ ಅದಕ್ಕಿಂತ ಹೊಂದುವ ಶೈಲಿ ಇಲ್ಲ. ಸೆಟ್ಟಿನ ಬದಲು ಸಾಲ್ಟ್ ಲೇಕ್ ದಡದ ಪಾಳುಬಿದ್ದ ಸಾಲ್ಟೇರ್ ಮಂಟಪ, ವಾದ್ಯವೃಂದದ ಬದಲು ಆರ್ಗನ್ ಒಂದೇ.

ಆಮೇಲೆ ‘ನೈಟ್’, ‘ಚೈನ್ ಸಾ’, 1978ರ ‘ಹ್ಯಾಲೊವೀನ್’. ಕೊನೆಯದರಲ್ಲಿ ಎಲೆಗಳನ್ನು ಗಮನಿಸಿ. ಕಥೆ ಇಲಿನಾಯ್ಸಿನ ಶರತ್ಕಾಲದಲ್ಲಿ, ಚಿತ್ರೀಕರಣ ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಬಣ್ಣ ಬಳಿದ ಒಣಗಿದ ಎಲೆಗಳನ್ನು ಹರಡಿ ಶಾಟ್ ತೆಗೆದು, ಮತ್ತೆ ಗುಡಿಸಿ ಚೀಲಕ್ಕೆ ತುಂಬಿ ಮುಂದಿನ ಬೀದಿಗೆ ಒಯ್ದರು. ರಸ್ತೆಯಲ್ಲಿ ಎಲೆ ಉದುರಿದೆ, ಮೇಲೆ ಮರಗಳು ಹಚ್ಚ ಹಸಿರು. ಜಾನ್ ಕಾರ್ಪೆಂಟರ್ ತಾವೇ ಕೂರಿಸಿದ ಸಂಗೀತ ಐದರ ಎಣಿಕೆಯದು. ನಾಲ್ಕಕ್ಕೆ ಒಗ್ಗಿದ ಕಿವಿ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ಎಡವುತ್ತದೆ, ಮರದ ಕಡೆ ನೋಡಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕೊನೆಗೆ ಜಪಾನಿನ 2017ರ ‘ಒನ್ ಕಟ್ ಆಫ್ ದಿ ಡೆಡ್’. ಮೊದಲ 37 ನಿಮಿಷ ಒಂದೇ ಶಾಟ್. ಅಲ್ಲಿ ಎಡವಟ್ಟು ಅನ್ನಿಸಿದ್ದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೇನು ಅಂತ ಇಲ್ಲಿ ಯಾರೂ ಹೇಳಬೇಡಿ ದಯವಿಟ್ಟು.

ಹೊಸಗಣ್ಣು:

ಕೊನೆಯ ಪ್ರಶ್ನೆ. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ 96 ನಿಮಿಷ ಅಂತಾರೆ. ಒಂದು ಯುರೋಪಿನ ಡಿವಿಡಿಯಲ್ಲಿ 92 ನಿಮಿಷ ತೋರಿಸುತ್ತಿದೆ. ನಾಲ್ಕು ನಿಮಿಷ ಕತ್ತರಿಸಿದ್ದಾರಾ?

ರೀಲುಗಾರ:

ಕತ್ತರಿಸಿರಲಿಕ್ಕಿಲ್ಲ. ಯುರೋಪಿನ ಪಾಲ್ ಎಂಬ ಟಿವಿ ಪದ್ಧತಿ ಸೆಕೆಂಡಿಗೆ 25 ಫ್ರೇಮು, ಫಿಲ್ಮು 24. ಹಾಗೇ ವೇಗ ಹೆಚ್ಚಿಸಿ ಇಳಿಸುತ್ತಾರೆ. 96ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿದರೆ 92 ನಿಮಿಷ 10 ಸೆಕೆಂಡು ಬರುತ್ತದೆ. ದನಿಗಳೂ ಒಂದಿಷ್ಟು ಕೀರಲಾಗಿರುತ್ತವೆ.

ಖಚಿತ ಮಾಡಿಕೊಳ್ಳಲು ಎರಡೂ ಪ್ರತಿಗಳಲ್ಲಿ ಒಂದೇ ತುಣುಕಿಗೆ ಸ್ಟಾಪ್‌ವಾಚ್ ಹಿಡಿಯಿರಿ. ಸ್ಮಶಾನದ ದಾರಿಯಲ್ಲಿ ಕಾರು ಕಾಣಿಸಿಕೊಂಡಲ್ಲಿಂದ ಅಣ್ಣ ತಂಗಿ ಕೆಳಗಿಳಿಯುವವರೆಗೆ ಸಾಕು. ಒಂದರಲ್ಲಿ 100 ಸೆಕೆಂಡು ಆದದ್ದು ಇನ್ನೊಂದರಲ್ಲಿ 96 ಆದರೆ ಬರೀ ವೇಗದ ವ್ಯತ್ಯಾಸ. ತುಣುಕು ಎರಡರಲ್ಲೂ ಸಮಸಮ ಇದ್ದು ಒಟ್ಟು ಅವಧಿ ಮಾತ್ರ ಕಡಿಮೆ ಬಂದರೆ ಎಲ್ಲೋ ಕತ್ತರಿ ಆಡಿದೆ. ಆಗ ಮೊದಲು ರೀಲು ಬದಲಾಗುವ ಜಾಗಗಳನ್ನು ನೋಡಿ, ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತವೆ. ಬಲ ಮೇಲ್ಮೂಲೆಯಲ್ಲಿ ದುಂಡನೆಯ ಚುಕ್ಕೆ ಮಿನುಗುತ್ತದೆ. ಪ್ರಿಂಟು ಹೆಚ್ಚು ಹರಿಯುವುದು ರೀಲಿನ ತುದಿಯಲ್ಲೇ, ಹಾಗಾಗಿ ಸಾಲುಗಳು ನಾಪತ್ತೆಯಾಗುವುದೂ ಅಲ್ಲೇ. ಆದರೆ 1999ರಲ್ಲಿ ಬಂದ 30ನೇ ವರ್ಷದ ಆವೃತ್ತಿಯನ್ನು ಹೋಲಿಕೆಗೆ ಇಟ್ಟುಕೊಳ್ಳಬೇಡಿ, ಅದರಲ್ಲಿ ಹೊಸದಾಗಿ ತೆಗೆದ ದೃಶ್ಯಗಳನ್ನೂ ಬೇರೆ ಸಂಗೀತವನ್ನೂ ಸೇರಿಸಿದ್ದಾರೆ.